ಊಟಕ್ಕೆ ಹೋದವರು ಮರಳಿ ಬಂದಾಗ

ನಮ್ಮ ಓಣಿಯ ಸುಜಾತಾ ಈ ವರ್ಷ ಹೈಸ್ಕೂಲಿಗೆ ಗಣಿತದ ಟೀಚರಾಗಿ ಸೇರಿದಳು. ಸೇರಿದ ಕೆಲವೇ ದಿನಗಳಲ್ಲಿ ನಮ್ಮ ಮನೆಗೆ ಬಂದು, "ಅಕ್ಕೋರ, ಆಗಲೇ ನನ್ನ ಗಂಟಲಾ ಹೋತ್ರಿ. ನೀವು ಇಷ್ಟು ವರ್ಷ ಹ್ಯಾಂಗ ಒದರಿದ್ರಿ?" ಎಂದು ಕೇಳಿದಳು. ನನಗೆ ನಗು ತಡೆಯಲಾಗಲಿಲ್ಲ. ಕಲಿಸುವುದೆಂದರೆ ಒದರುವುದು ಎಂದು ನಾನೂ ಬಹಳ ಕಾಲ ನಂಬಿದ್ದೆ. ಅವಳಿಗೆ ಚಹಾ ಕುಡಿಸಿ ಕಳಿಸಿದೆ. ಆಮೇಲೆ ಕುಳಿತು ಯೋಚಿಸಿದಾಗ, ಅವಳಿಗೂ ಅವಳಂಥ ಹೊಸಬರಿಗೂ ನಾನು ಹೇಳಬೇಕಾದದ್ದು ಒಂದಿಷ್ಟು ಇದೆ ಅನ್ನಿಸಿತು. ಬಡ್ತಿ ಯಾವಾಗ ಸಿಕ್ಕಿತು, ನಿವೃತ್ತಿಯ ದಿನ ಯಾರು ಶಾಲು ಹೊದಿಸಿದರು ಎಂಬುದೆಲ್ಲ ಇಲ್ಲಿಲ್ಲ. ಅದನ್ನು ಓದಿ ಯಾರಿಗೂ ಏನೂ ಆಗಬೇಕಾಗಿಲ್ಲ.

ಮೊದಲೇ ಹೇಳಿಬಿಡುತ್ತೇನೆ, ನಾನು ಮಹಾ ಬಾಯಿಬಡಕಿ. "ನಮ್ಮ ಮನಿಗೆ ರೇಡಿಯೋ ಯಾಕ ಬೇಕು, ಸುಮಿತ್ರಾ ಅದಾಳಲ್ಲ" ಎಂದು ನಮ್ಮಪ್ಪ ಬಂದವರಿಗೆಲ್ಲ ಹೇಳುತ್ತಿದ್ದರು. ಮದುವೆಯಾದ ಮೇಲೆ ನಮ್ಮ ಯಜಮಾನರು ಆ ಮಾತನ್ನು ಹಾಗೆಯೇ ಮುಂದುವರಿಸಿದರು. ಇಂಥ ಹೆಂಗಸಿಗೆ ಶಿಕ್ಷಕಿಯ ಕೆಲಸಕ್ಕಿಂತ ಒಳ್ಳೆಯ ಕೆಲಸ ಸಿಕ್ಕೀತೇ? ಬೆಳಗಿನಿಂದ ಸಂಜೆವರೆಗೆ ಮಾತಾಡಬಹುದು, ಎದುರಿಗೆ ಕುಳಿತವರು ಎದ್ದು ಹೋಗುವಂತಿಲ್ಲ.

ಎಂಬತ್ತರ ದಶಕದ ಆರಂಭದಲ್ಲಿ ನನ್ನ ಮೊದಲ ನೌಕರಿ ಅಕ್ಕೋಳದ ಒಂದು ಹೈಸ್ಕೂಲಿನಲ್ಲಿ. ಆಗ ಅಕ್ಕೋಳ ಚಿಕ್ಕೋಡಿ ತಾಲೂಕಿಗೆ ಸೇರಿತ್ತು. ಅಲ್ಲಿ ಅಪ್ಪಾಸಾಬ ಎಂಬ ಹುಡುಗ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದ. ವರ್ಗದಲ್ಲಿ ಅವನ ಬಾಯಿಂದ ಒಂದು ಶಬ್ದ ಹೊರಡಿಸುವುದು ನನ್ನಿಂದಾಗಲಿಲ್ಲ. ಒಂದು ಸಂತೆಯ ದಿನ ನಿಪ್ಪಾಣಿ ಬಸ್ಸಿನಲ್ಲಿ ಅವನ ಪಕ್ಕದಲ್ಲೇ ನನಗೆ ಜಾಗ ಸಿಕ್ಕಿತು. ಕಿಟಕಿಯ ಹೊರಗೆ ತಂಬಾಕಿನ ಹೊಲ ಕಂಡು, "ಈ ಎಲಿ ಯಾವಾಗ ಕೊಯ್ತಾರೋ?" ಎಂದು ಸುಮ್ಮನೆ ಕೇಳಿದೆ. ಹುಡುಗ ಶುರು ಮಾಡಿದವನು ನಿಪ್ಪಾಣಿ ಸ್ಟ್ಯಾಂಡ್ ಬರುವವರೆಗೆ ನಿಲ್ಲಿಸಲಿಲ್ಲ. ಇಬ್ಬನಿ ಬಿದ್ದರೆ ಎಲೆಯ ತೂಕ ಎಷ್ಟು ಏರುತ್ತದೆ, ಒಣಗಿದರೆ ಎಷ್ಟು ಇಳಿಯುತ್ತದೆ, ವ್ಯಾಪಾರಿ ಯಾವ ಎಲೆ ಮುಟ್ಟಿ ಮುಖ ತಿರುಗಿಸುತ್ತಾನೆ, ಎಲ್ಲ ಹೇಳಿದ. ನಡುನಡುವೆ ಲೆಕ್ಕವನ್ನೂ ಬಾಯಲ್ಲೇ ಮಾಡಿದ. ನಾನು ಕಣ್ಣು ಬಾಯಿ ಬಿಟ್ಟು ಕೇಳಿದೆ. ಮರುದಿನ ವರ್ಗದಲ್ಲಿ ಅವನನ್ನು ಎಬ್ಬಿಸಿ ಶೇಕಡಾವಾರು ಕೇಳಿದರೆ ಮತ್ತೆ ಕಂಬದ ಹಾಗೆ ನಿಂತ.

ಇದನ್ನು ನಮ್ಮ ಹೆಡ್‌ಮಾಸ್ತರರಿಗೆ ಹೇಳಿದೆ. ಅವರು ಎಲೆ ಅಡಿಕೆ ಜಗಿಯುತ್ತ, "ಬಸ್ಸಿನ್ಯಾಗ ನಿಮಗ ಉತ್ತರ ಗೊತ್ತಿರಲಿಲ್ಲಲ್ರಿ ಅಕ್ಕೋರ, ಅದಕ್ಕ ಹೇಳ್ಯಾನ. ವರ್ಗದಾಗ ನಿಮಗ ಗೊತ್ತಿದ್ದದ್ದನ್ನ ನೀವ ಕೇಳಿದ್ರ ಅಂವ ಯಾಕ ಹೇಳ್ಯಾನು?" ಎಂದರು. ನಾನು ನಕ್ಕು ಮರೆತುಬಿಟ್ಟೆ. ಅವರು ಎಷ್ಟು ದೊಡ್ಡ ಮಾತು ಹೇಳಿದ್ದರೆಂದು ತಿಳಿಯಲು ನನಗೆ ಇನ್ನೂ ಕೆಲವು ವರ್ಷ ಬೇಕಾಯಿತು.

ನಡುವೆ ರಾಯಬಾಗದಲ್ಲಿ ಗಣಿತ ಶಿಕ್ಷಕರಿಗೆ ಒಂದು ತರಬೇತಿ ನಡೆಯಿತು. ಹೊರಗಿನಿಂದ ಬಂದಿದ್ದ ಅಧಿಕಾರಿಯೊಬ್ಬರು, ವರ್ಗದಲ್ಲಿ ಮಕ್ಕಳು ಹೆಚ್ಚು ಮಾತಾಡಬೇಕು, ಶಿಕ್ಷಕರು ಕಡಿಮೆ ಮಾತಾಡಬೇಕು ಎಂಬ ವಿಷಯದ ಮೇಲೆ ಬೆಳಗಿನಿಂದ ಸಂಜೆವರೆಗೆ ತಾವೊಬ್ಬರೇ ಮಾತಾಡಿದರು. ಹಿರಿಯ ಮಾಸ್ತರರೊಬ್ಬರು ಏನೋ ಕೇಳಲು ಕೈ ಎತ್ತಿದರೆ, "ಪ್ರಶ್ನೆಗಳು ಕೊನೆಗೆ" ಎಂದು ಕೂರಿಸಿದರು. ಕೊನೆ ಬರುವಷ್ಟರಲ್ಲಿ ಹೊತ್ತಾಗಿತ್ತು. ಬಸ್ ಸ್ಟ್ಯಾಂಡಿನಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಧೂಳು ಕುಡಿಯುತ್ತ ನಾವೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ಮರುದಿನ ವರ್ಗಕ್ಕೆ ಹೋಗಿ ಅವರು ಮಾಡಿದ್ದನ್ನೇ ನಾವೂ ಮಾಡಿದೆವು.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಯಜಮಾನರ ನೌಕರಿಯ ಕಾರಣ ಕಾಗವಾಡಕ್ಕೆ ಬಂದೆವು. ಅಲ್ಲಿ ಕುಲಕರ್ಣಿ ಸರ್ ಎಂಬ ನಿವೃತ್ತ ಹೆಡ್‌ಮಾಸ್ತರರು ತಮ್ಮ ಮನೆಯ ಉದ್ದನೆಯ ಪಡಸಾಲೆಯಲ್ಲಿ ಎಸ್ಸೆಸ್ಸೆಲ್ಸಿ ನಪಾಸಾದವರಿಗೆ ಟ್ಯೂಷನ್ ನಡೆಸುತ್ತಿದ್ದರು. ಗಣಿತಕ್ಕೆ ನನ್ನನ್ನು ಇಟ್ಟುಕೊಂಡರು. ಬಿಳಿ ಧೋತರ, ಕರಿ ಟೊಪ್ಪಿಗೆ, ಕೈಯಲ್ಲಿ ಸದಾ ಒಂದು ರೂಲುಪಟ್ಟಿ. ಅವರ ಒಂದೇ ನಿಯಮ: "ಸೂಜಿ ಬಿದ್ರ ಸಪ್ಪಳ ಕೇಳಬೇಕು."

ಪಾಠ ಸಂಜೆ ಐದರಿಂದ ಏಳರವರೆಗೆ. ಅರ್ಧಕ್ಕಿಂತ ಹೆಚ್ಚು ವಿದ್ಯಾರ್ಥಿಗಳು ಜೈನರ ಮನೆಯವರು. ಅವರ ಮನೆಗಳಲ್ಲಿ ಹೊತ್ತು ಮುಳುಗಿದ ಮೇಲೆ ಯಾರೂ ತುತ್ತು ಬಾಯಿಗಿಡುವುದಿಲ್ಲ. ಬೇಸಿಗೆಯಲ್ಲಿ ಹೇಗೋ ನಡೆಯುತ್ತಿತ್ತು, ಚಳಿಗಾಲದಲ್ಲಿ ಬೇಗ ಕತ್ತಲಾಗುತ್ತದೆ. ಐದೂವರೆ ಆಯಿತೆಂದರೆ ಆ ಹುಡುಗರೆಲ್ಲ ಎದ್ದು ಊಟಕ್ಕೆ ಓಡುತ್ತಿದ್ದರು. ಉಂಡು, ಕೈ ಒರೆಸಿಕೊಳ್ಳುತ್ತ ಮರಳಿ ಬರುತ್ತಿದ್ದರು. ಪಾಠದ ಹೊತ್ತು ಬದಲಿಸೋಣವೆಂದರೆ ಹಳ್ಳಿಯಿಂದ ಬರುವವರಿಗೆ ಬಸ್ಸು ತಪ್ಪುತ್ತಿತ್ತು. ಹಾಗಾಗಿ ಉಳಿದ ಐದಾರು ಮಂದಿಗೆ ನಾನು ಪಾಠ ಮಾಡುತ್ತಿದ್ದೆ. ಊಟಕ್ಕೆ ಹೋದವರು ಬಂದ ಮೇಲೆ ಅದೇ ಪಾಠವನ್ನು ಮೊದಲಿನಿಂದ ಮತ್ತೆ ಹೇಳುತ್ತಿದ್ದೆ. ಒಂದು ಪಾಠ ಎರಡು ಸಲ ಹೇಳುವ ಭಾಗ್ಯ ಯಾವ ಬಾಯಿಬಡಕಿಗೆ ಬೇಡವಾದೀತು!

ಆ ಉಳಿದವರಲ್ಲಿ ಮಲ್ಲವ್ವ ಒಬ್ಬಳು. ಮಂಗಸೂಳಿಯವಳು, ಕುರಿ ಸಾಕುವವರ ಮನೆಯ ಹೆಣ್ಣುಮಗಳು. ಗಂಡ ತೀರಿಕೊಂಡ ಮೇಲೆ ಚಿಕ್ಕ ಮಗಳನ್ನು ಕಟ್ಟಿಕೊಂಡು ಅಣ್ಣನ ಮನೆಯಲ್ಲಿದ್ದಳು. ಊರ ಅಂಗನವಾಡಿಯಲ್ಲಿ ಸಹಾಯಕಿ. ಅಲ್ಲಿನ ಕಾರ್ಯಕರ್ತೆ ಮದುವೆಯಾಗಿ ಬೇರೆ ಊರಿಗೆ ಹೋಗುವವಳಿದ್ದಳು. ಮಲ್ಲವ್ವ ಎಸ್ಸೆಸ್ಸೆಲ್ಸಿ ಪಾಸಾದರೆ ಆ ಜಾಗ ಅವಳಿಗೆ ಸಿಗುವುದಿತ್ತು. ಆದರೆ ಗಣಿತ ಅವಳನ್ನು ಮತ್ತೆ ಮತ್ತೆ ಬೀಳಿಸಿತ್ತು. ವಯಸ್ಸಿನ ಮಿತಿ ಬೇರೆ ಹತ್ತಿರ ಬಂದಿತ್ತು.

ಟ್ಯೂಷನ್ನಿಗೆ ಹೆಸರು ಹಚ್ಚಲು ಅವಳ ಅಣ್ಣನೂ ಬಂದಿದ್ದ. ಹೆಗಲ ಮೇಲೆ ಕಂಬಳಿ, ಮುಖ ನೋಡದೆ ಮಾತಾಡುವ ಮನುಷ್ಯ. "ಅಕ್ಕೋರ, ಇದ ಕಡೀ ಸಲ ನೋಡ್ರಿ" ಎಂದ. "ನಾವು ಈಗ ಕುರಿ ಹೊಡ್ಕೊಂಡು ಹೊಂಟೀವಿ. ಮಳಿಗಾಲಕ್ಕ ತಿರುಗಿ ಬರ್ತೀವಿ. ಅಷ್ಟರಾಗ ಪಾಸಾದ್ರ ಚೊಲೋ. ಇಲ್ಲಂದ್ರ ಮುಂದಿನ ಸಲ ಈಕೀನೂ ನಮ್ಮ ಜೋಡಿ ಬರ್ಲಿ. ಅಡಗಿಗೆ ಒಬ್ಬರು ಬೇಕಾಗೇದ."

"ಈಕಿ ಮಗಳು? ಅಕಿ ಸಾಲಿಗೆ ಹೋಗ್ತಾಳಲ್ಲ?" ಎಂದೆ.

"ತಾಯಿ ಇಲ್ಲದ ಊರಾಗ ಅಕೀನ ಯಾರ ನೋಡ್ತಾರ್ರಿ? ಅಕೀನೂ ಬರ್ತಾಳ."

ಅವನು ಕೆಟ್ಟವನೇನಲ್ಲ, ಇದ್ದದ್ದನ್ನು ಹೇಳಿದ. ಆರೇಳು ತಿಂಗಳು ಹೊಲದಿಂದ ಹೊಲಕ್ಕೆ ಹಟ್ಟಿ ಹಾಕುತ್ತ ಹೋಗುವವರ ಹಿಂದೆ ಮಗು ಹೊರಟರೆ ಅದರ ಶಾಲೆ ಅಲ್ಲಿಗೇ ಮುಗಿಯಿತು. ಮಲ್ಲವ್ವ ನೆಲ ನೋಡುತ್ತ ನಿಂತಿದ್ದಳು, ತುಟಿ ಬಿಚ್ಚಲಿಲ್ಲ. ಅವತ್ತು ಮಾತ್ರವಲ್ಲ, ನವೆಂಬರ್, ಡಿಸೆಂಬರ್ ಎರಡೂ ಕಳೆದರೂ ಬಿಚ್ಚಲಿಲ್ಲ. ನಾನು ಬೋರ್ಡಿನ ಮೇಲೆ ಬರೆದದ್ದನ್ನೆಲ್ಲ ದುಂಡಗೆ ಬರೆದುಕೊಳ್ಳುತ್ತಿದ್ದಳು. "ತಿಳೀತೇನ ಮಲ್ಲವ್ವಾ?" ಎಂದರೆ ತಲೆಯಾಡಿಸುತ್ತಿದ್ದಳು. ಮರುದಿನ ಅದೇ ಲೆಕ್ಕ ಕೊಟ್ಟರೆ ಬರುತ್ತಿರಲಿಲ್ಲ. ನಾನು ಇನ್ನಷ್ಟು ವಿವರಿಸುತ್ತಿದ್ದೆ, ಅವಳು ಇನ್ನಷ್ಟು ತಲೆಯಾಡಿಸುತ್ತಿದ್ದಳು. ಆ ಮಗುವಿನ ಶಾಲೆ ನನ್ನ ಕಣ್ಣಮುಂದೆಯೇ ಕೈಬಿಟ್ಟು ಹೋಗುತ್ತಿದೆ ಎಂದು ನನಗೆ ಸಂಕಟವಾಗುತ್ತಿತ್ತು.

ಜನವರಿಯಲ್ಲಿ ಚಳಿ ಜೋರಾಗಿತ್ತು. ಸುತ್ತಲಿನ ಗಾಣಗಳಲ್ಲಿ ಬೆಲ್ಲ ಕಾಯಿಸುವ ಹೊಗೆಯೂ ಸೇರಿ ನನ್ನ ಗಂಟಲು ಪೂರ್ತಿ ಕಟ್ಟಿತು. ಬಾಯಿ ತೆರೆದರೆ ಬರೀ ಗಾಳಿ. ರಜೆ ಬೇಕೆಂದು ಕೈಸನ್ನೆಯಲ್ಲಿ ಕೇಳಿದೆ. ಕುಲಕರ್ಣಿ ಸರ್ ನನ್ನನ್ನು ಮೇಲೆ ಕೆಳಗೆ ನೋಡಿ, "ದನಿ ಹೋದ್ರ ಹೋಗ್ಲಿ, ಕೈ ಅವ ಅಲ್ಲ? ಬೋರ್ಡ್ ಮ್ಯಾಲ ಬರೀರಿ" ಎಂದು ಒಳಗೆ ಹೋದರು. ಮನೆಯಲ್ಲಿ ಯಜಮಾನರು ಮಾತ್ರ ಬಹಳ ಖುಷಿಯಾಗಿದ್ದರು.

ಅವತ್ತಿನ ಪಾಠ ಭಿನ್ನರಾಶಿ. ಹತ್ತನೆಯ ತರಗತಿಯಲ್ಲಿ ಭಿನ್ನರಾಶಿ ಏಕೆ ಎಂದು ಹೊಸಬರು ಕೇಳಬಹುದು. ನಪಾಸಾದವರ ಬುಡ ಅಲ್ಲಾಡುವುದೇ ಅಲ್ಲಿ. ಎಂಟರಲ್ಲಿ ಒಂದು ದೊಡ್ಡದೋ, ಆರರಲ್ಲಿ ಒಂದು ದೊಡ್ಡದೋ ಎಂದು ಬೋರ್ಡಿನ ಮೇಲೆ ಬರೆದು, ಉಳಿದವರಿಂದ ಉತ್ತರ ತೆಗೆಸಿದ್ದೆ. ಅಷ್ಟರಲ್ಲಿ ಊಟಕ್ಕೆ ಹೋದವರು ಬಂದರು. ಎಲ್ಲರಿಗಿಂತ ಮುಂದೆ ಬಾಹುಬಲಿ. ಕಬ್ಬು ಬೆಳೆಯುವ ಮನೆಯ ಹುಡುಗ, ಯಾವಾಗಲೂ ನಗುಮುಖ, ಗಣಿತದಲ್ಲಿ ಯಾವಾಗಲೂ ನಪಾಸು. "ಏನ್ ನಡೀತ್ರಿ ಅಕ್ಕೋರ?" ಎಂದ. ನಾನು ಬಾಯಿ ತೆರೆದೆ, ದನಿಯಿಲ್ಲ. ಕೈಯಲ್ಲಿದ್ದ ಸೀಮೆಸುಣ್ಣದಿಂದ ಪಕ್ಕದಲ್ಲಿ ಕುಳಿತವರ ಕಡೆ ತೋರಿಸಿದೆ. ಪಕ್ಕದಲ್ಲಿ ಕುಳಿತವಳು ಮಲ್ಲವ್ವ. ಬೇಕೆಂದು ಆರಿಸಿದ್ದಲ್ಲ, ಹತ್ತಿರ ಇದ್ದವಳು ಅವಳು, ಅಷ್ಟೇ.

ಅವಳು ಎದ್ದಳು. ಸೆರಗು ಎಳೆದುಕೊಂಡಳು. ಯಾರೂ ಮಾತಾಡಲಿಲ್ಲ. ಬೇರೆ ದಿನವಾಗಿದ್ದರೆ ಆ ಮೌನ ತಡೆಯಲಾರದೆ ನಾನೇ ಹೇಳಿಬಿಡುತ್ತಿದ್ದೆ. ಅವತ್ತು ದಾರಿಯಿರಲಿಲ್ಲ. ಸುಮ್ಮನೆ ನಿಂತೆ. ಬಹಳ ಹೊತ್ತಾದ ಮೇಲೆ ಮಲ್ಲವ್ವನ ದನಿ ಕೇಳಿಸಿತು, ದೂರದವರನ್ನು ಕೂಗಿ ಕರೆದು ರೂಢಿಯಾದವರ ಗಟ್ಟಿ ದನಿ.

"ದೊಡ್ಡದ್ಯಾವುದು, ಸಣ್ಣದ್ಯಾವುದು ಅಂತ ನೋಡೂದಿತ್ತು. ಎಂಟರಾಗ ಒಂದು, ಆರರಾಗ ಒಂದು. ಆರರಾಗಿಂದು ದೊಡ್ಡದು."

"ಅಲ್ಲಕ್ಕಾ, ಎಂಟರಾಗಿಂದು ದೊಡ್ಡದು" ಎಂದ ಬಾಹುಬಲಿ.

ಈ ತಪ್ಪು ನಾನು ನೂರಾರು ಸಲ ಕೇಳಿದ್ದೆ. ತಪ್ಪು ಎಂದು ಹೇಳಿ ಮುಂದಿನ ಲೆಕ್ಕಕ್ಕೆ ಹೋಗುವುದು ನನ್ನ ರೂಢಿ. ಮಲ್ಲವ್ವ ಹಾಗೆ ಮಾಡಲಿಲ್ಲ.

"ಯಾಕೋ ತಮ್ಮಾ?" ಎಂದು ಕೇಳಿದಳು. ಅವನನ್ನು ಸಿಕ್ಕಿಹಾಕಿಸಲು ಕೇಳಿದ್ದಲ್ಲ. ಅವಳಿಗೆ ನಿಜವಾಗಿಯೂ ತಿಳಿಯಬೇಕಾಗಿತ್ತು.

"ನಮ್ಮ ಮನ್ಯಾಗ ಸಣ್ಣ ಹುಡುಗ್ರಿಗೂ ಗೊತ್ತೈತಿ. ನಮಗ ಎರಡ ಕಡೆ ನೀರಿನ ಪಾಳಿ ಐತಿ. ಹಳೇ ಬಾಂವೀದು ಆರ ದಿನಕ್ಕೊಮ್ಮೆ, ಹೊಳಿ ಮೋಟಾರಿಂದು ಎಂಟ ದಿನಕ್ಕೊಮ್ಮೆ. ಎಂಟರ ಪಾಳ್ಯಾಗ ಕಬ್ಬ ತಂಪಾಗಿ ನಿಲ್ತಾವ. ಆರರ ಪಾಳಿ ನೀರ ಯಾತಕ್ಕೂ ಸಾಲಂಗಿಲ್ಲ."

ಎಲ್ಲರೂ ನಕ್ಕರು. ಮಲ್ಲವ್ವ ನಗಲಿಲ್ಲ. "ನಿಂದರ. ಎಂಟಕ್ಕೊಮ್ಮೆ ಎಷ್ಟೊತ್ತು ನೀರ ಬಿಡ್ತಾರ?"

"ಪೂರಾ ಒಂದ ದಿನ."

"ಆರಕ್ಕೊಮ್ಮೆ?"

"ಅರ್ಧಾ ದಿನ. ಉಳಿದರ್ಧಾ ನಮ್ಮ ಕಾಕಾಂದು."

ಮಲ್ಲವ್ವ ಕಣ್ಣು ಮುಚ್ಚಿ ಬೆರಳ ಗೆಣ್ಣು ಎಣಿಸತೊಡಗಿದಳು. "ಆರ ದಿನಕ್ಕ ಅರ್ಧಾ ದಿನ. ಮತ್ತಾರ ದಿನಕ್ಕ ಮತ್ತರ್ಧಾ. ಅಂದ್ರ ಹನ್ನೆರಡ ದಿನಕ್ಕ ಒಂದ ದಿನ." ಕಣ್ಣು ತೆರೆದಳು. "ತಮ್ಮಾ, ನಿಂದು ಆರರಾಗ ಒಂದಲ್ಲೋ. ಹನ್ನೆರಡರಾಗ ಒಂದು!"

ಬಾಹುಬಲಿಯ ನಗು ನಿಂತಿತು. ಬೋರ್ಡಿನ ಹತ್ತಿರ ಬಂದು ಅಂಕಿಗಳನ್ನು ದಿಟ್ಟಿಸಿದ. "ಹಂಗಾರ ಕಾಕಾಂದೂ ನಮಗ ಬಂತಂದ್ರ ಆರರಾಗ ಒಂದು ಆಕ್ಕೈತಿ."

"ಹೂಂ. ಆಗ ಅದು ಎಂಟರಾಗಿಂದಕ್ಕಿಂತ ಜಾಸ್ತಿ."

"ಹೌದಲ್ಲಾ!" ಎಂದು ಅವನು ಕೂಗಿದ ಕೂಗಿಗೆ ಒಳಗಿನಿಂದ ಕುಲಕರ್ಣಿ ಸರ್ ಕೆಮ್ಮಿದ ಸಪ್ಪಳ ಕೇಳಿಸಿತು.

ಆ ಹುಡುಗನ ತಪ್ಪು ಉತ್ತರದ ಹಿಂದೆ ಒಂದು ಬಾವಿ, ಒಂದು ಹೊಳೆ, ಒಬ್ಬ ಕಾಕಾ, ಎರಡು ಹೊಲದ ಕಬ್ಬು ಇದ್ದವು. ಅವನ ಮನೆಯ ನೀರಿನ ವಿಷಯದಲ್ಲಿ ಅವನು ಹೇಳಿದ್ದು ಸರಿಯಾಗಿಯೇ ಇತ್ತು. ಇನ್ನು ಮಲ್ಲವ್ವ, ಆರರಲ್ಲಿ ಒಂದು ದೊಡ್ಡದು ಎಂಬುದನ್ನು ನಾನು ಬರೆಸಿದ ನಿಯಮವೆಂದು ಒಪ್ಪಿಕೊಂಡಿದ್ದವಳು, ಈಗ ಅದು ಏಕೆ ದೊಡ್ಡದು ಎಂದು ತಾನೇ ಕಂಡುಕೊಂಡಿದ್ದಳು. ಇನ್ನೊಬ್ಬನಿಗೆ ಹೇಳಲು ಹೋಗಿ ಕಂಡುಕೊಂಡಿದ್ದಳು. ಇಷ್ಟೆಲ್ಲ ನಡೆದಾಗ ನಾನು ಮಾಡಿದ್ದೇನು? ದನಿ ಕಳೆದುಕೊಂಡಿದ್ದೆ, ಅಷ್ಟೇ.

ಗಂಟಲು ಸರಿಯಾದ ಮೇಲೆ ನಾನು ಬುದ್ಧಿ ಕಲಿತೆ ಎಂದುಕೊಂಡರೆ ತಪ್ಪು. ದನಿ ಬಂದ ಮೊದಲ ದಿನವೇ, ಮಲ್ಲವ್ವ ಬಾಹುಬಲಿಗೆ ಹೇಳುವಾಗ ತಡವರಿಸಿದಳೆಂದು ನಡುವೆ ಹಾರಿ ನಾನೇ ಉಳಿದದ್ದನ್ನು ಹೇಳಿ ಮುಗಿಸಿದೆ. ಅವಳು ತಲೆಯಾಡಿಸಿ ಕುಳಿತುಬಿಟ್ಟಳು. ಆ ತಲೆಯಾಟ ನೋಡಿದಾಗ ನನಗೆ ಹೊಳೆಯಿತು. ಅಂದಿನಿಂದ ಸೆರಗಿನ ತುದಿಯಲ್ಲಿ ಕಲ್ಲುಸಕ್ಕರೆ ಕಟ್ಟಿಕೊಂಡು ಹೋಗತೊಡಗಿದೆ. ಒಂದು ಪ್ರಶ್ನೆ ಕೇಳುವುದು, ಒಂದು ಚೂರು ಬಾಯಿಗೆ ಹಾಕಿಕೊಳ್ಳುವುದು, ಅದು ಕರಗುವವರೆಗೆ ಮಾತಾಡದಿರುವುದು. ಸುಜಾತಾ, ಇದನ್ನು ಕೇಳಿ ನಗಬೇಡ, ಮಾಡಿ ನೋಡು. ಕಲ್ಲುಸಕ್ಕರೆ ಕರಗುವ ಹೊತ್ತು ಎಷ್ಟು ದೀರ್ಘವೆಂದು ನನಗೆ ಅದಕ್ಕಿಂತ ಮೊದಲು ಗೊತ್ತಿರಲಿಲ್ಲ. ಆದರೆ ಬಹಳಷ್ಟು ಸಲ ಅದು ಕರಗುವ ಮೊದಲೇ ಯಾರೋ ಒಬ್ಬರು ಬಾಯಿ ತೆರೆಯುತ್ತಿದ್ದರು.

ಊಟಕ್ಕೆ ಹೋದವರು ಬಂದ ಕೂಡಲೇ ಉಳಿದವರು ಅವರಿಗೆ ಪಾಠ ಹೇಳುವುದು ದಿನದ ಪದ್ಧತಿಯಾಯಿತು. ಗಡಿಯೂರಲ್ಲವೇ, ಕನ್ನಡದಲ್ಲಿ ಶುರುವಾದದ್ದು ಸಿಟ್ಟು ಬಂದಾಗ ಮರಾಠಿಗೆ ತಿರುಗುತ್ತಿತ್ತು, ತಿಳಿದಾಗ ಮತ್ತೆ ಕನ್ನಡಕ್ಕೆ ಬರುತ್ತಿತ್ತು. ಪಡಸಾಲೆ ಗದ್ದಲದಿಂದ ತುಂಬಿತು. ಕುಲಕರ್ಣಿ ಸರ್ ಎಷ್ಟು ದಿನ ತಡೆದಾರು? ಒಂದು ಸಂಜೆ ರೂಲುಪಟ್ಟಿ ಹಿಡಿದು ಬಂದರು.

"ಏನ್ರಿ ಅಕ್ಕೋರ, ಇದೇನ ಸಂತಿ ಹಚ್ಚೀರಿ? ಮಂದಿ ಫೀ ಕೊಡೂದು ನೀವು ಕಲಸ್ತೀರಿ ಅಂತ. ಮಲ್ಲವ್ವ ಕಲಸೂದಾದ್ರ ನೀವ್ಯಾಕ ಬೇಕು?"

"ಒಂದ ಸಲ ಕುಂತು ನೋಡ್ರಿ ಸರ್" ಎಂದೆ. ಅವರು ಹಿಂದೆ ಗೋಡೆಗೆ ಒರಗಿ ಕುಳಿತರು. ಅವರನ್ನು ಕಂಡು ಹುಡುಗರ ಬಾಯಿ ಕಟ್ಟಿಹೋಯಿತು. ಮೈನಸ್ಸನ್ನು ಮೈನಸ್ಸಿನಿಂದ ಗುಣಿಸಿದರೆ ಪ್ಲಸ್ಸು ಎಂಬ ಪಾಠ. ಮಲ್ಲವ್ವ ಹೇಳುತ್ತ ಹೇಳುತ್ತ ನಡುವೆ ನಿಂತಳು. ನನ್ನ ಬಾಯಲ್ಲಿ ಕಲ್ಲುಸಕ್ಕರೆ ಇದ್ದದ್ದನ್ನು ನೋಡಿ, ಸೀದಾ ಹಿಂದೆ ತಿರುಗಿದಳು.

"ಸರ್, ಮೈನಸ್ಸು ಮೈನಸ್ಸು ಗುಣಿಸಿದ್ರ ಪ್ಲಸ್ ಯಾಕ ಆಕ್ಕೈತ್ರಿ?"

"ಅದು ನಿಯಮ."

"ನಿಯಮ ಹೌದ್ರಿ. ಆದ್ರ ಯಾಕ್ರಿ?"

ಕುಲಕರ್ಣಿ ಸರ್ ಜೀವಮಾನವಿಡೀ ಗಣಿತ ಕಲಿಸಿದವರು. ಅವರು ಕೂಗಾಡುತ್ತಾರೆಂದು ನಾನು ಕಾದೆ. ಅವರು ಟೊಪ್ಪಿಗೆ ತೆಗೆದು ತಲೆ ಸವರಿಕೊಂಡರು. "ಇದನ್ನ ನನಗ ಯಾರೂ ಕೇಳಿದ್ದಿಲ್ಲ" ಎಂದು ಮೆಲ್ಲಗೆ ಹೇಳಿ ಎದ್ದು ಒಳಗೆ ಹೋದರು.

ಮರುದಿನ ಪಾಠ ಶುರುವಾಗುವ ಮೊದಲೇ ಬಂದು ಕುಳಿತಿದ್ದರು. ಮುಖದಲ್ಲಿ ಹೊಸ ಆಟಿಕೆ ಸಿಕ್ಕ ಮಗುವಿನ ಕಳೆ. "ಮಲ್ಲವ್ವಾ, ಹಿತ್ತಲದಾಗಿನ ನಮ್ಮ ತೊಟ್ಟಿ ಸೋರಾಕತ್ತೈತಿ. ತಾಸಿಗೆ ಮೂರ ಕೊಡ ನೀರ ಹೋಗ್ತಾವ ಅಂತ ತಿಳಿ. ಸೋರೂದು ಅಂದ್ರ?"

"ಮೈನಸ್ ಮೂರು ಅನ್ರಿ."

"ಇನ್ನ ಎರಡ ತಾಸಿಗೆ ಏನಾಕ್ಕೈತಿ?"

"ಆರ ಕೊಡ ಕಡಿಮಿ ಆಕ್ಕಾವ."

"ಎರಡ ತಾಸಿನ ಹಿಂದ?"

ಮಲ್ಲವ್ವ ಕಣ್ಣು ಮುಚ್ಚಿದಳು. "ಹಿಂದ ಅಂದ್ರ... ಆಗಿನ್ನೂ ಸೋರಿರಲಿಲ್ಲ. ಈಗಿದ್ದದ್ದಕ್ಕಿಂತ ಆರ ಕೊಡ ಹೆಚ್ಚಿತ್ತು." ನಿಂತಳು. "ಹಿಂದಕ್ಕ ಹೋಗೂದೂ ಮೈನಸ್ಸು, ಸೋರೂದೂ ಮೈನಸ್ಸು. ಅದಕ್ಕ ಹೆಚ್ಚಾತು! ಹೌದಲ್ರಿ ಸರ್?"

ಕುಲಕರ್ಣಿ ಸರ್ ಕಣ್ಣು ಒರೆಸಿಕೊಂಡರು. ಆ ತೊಟ್ಟಿಯ ಉಪಾಯ ಅವರಿಗೂ ಹಿಂದಿನ ರಾತ್ರಿಯಷ್ಟೇ ಹೊಳೆದದ್ದಂತೆ. ಅವತ್ತಿನಿಂದ ಸೂಜಿಯ ಮಾತು ಅವರ ಬಾಯಲ್ಲಿ ಬರಲಿಲ್ಲ. ಪಾಲಕರು ಬಂದು ಗದ್ದಲದ ದೂರು ಹೇಳಿದರೆ, "ನೀವೂ ಒಂದಿನ ಕುಂತು ನೋಡ್ರಿ" ಎಂದು ಒಳಗೆ ಕರೆಯುತ್ತಿದ್ದರು.

ಮಾರ್ಚ್ ಬಂತು, ಹಗಲು ಉದ್ದವಾಯಿತು. ಪರೀಕ್ಷೆ ಹತ್ತಿರ ಬಂತೆಂದು ಹಳ್ಳಿಯವರೂ ಮುಂಚಿನ ಬಸ್ಸಿಗೆ ಬರಲು ಒಪ್ಪಿದರು, ಪಾಠವನ್ನು ಒಂದು ತಾಸು ಮುಂಚೆ ಶುರು ಮಾಡಿದೆವು. ಈಗ ಪಾಠ ಮುಗಿದ ಮೇಲೆ ಮನೆಗೆ ಹೋಗಿ ಉಂಡರೂ ಬೆಳಕಿರುತ್ತಿತ್ತು. ನಡುವೆ ಎದ್ದು ಹೋಗುವ ಕಾರಣವೇ ಇರಲಿಲ್ಲ. ಮೊದಲ ದಿನ ನಾನು ಪಾಠ ಮುಗಿಸಿ, ಇನ್ನು ಯಾರು ಯಾರಿಗೆ ಹೇಳಬೇಕು ಎಂದು ತಿಳಿಯದೆ ನಿಂತಿದ್ದೆ. ಆಗ ಬಾಹುಬಲಿ ಎದ್ದ. ಅವನ ಹಿಂದೆ ಉಳಿದ ಜೈನ ಹುಡುಗರೂ ಎದ್ದರು. ಹೊರಗೆ ಹೋಗಿ, ಕುಲಕರ್ಣಿ ಸರ್ ಅವರ ಮನೆಯನ್ನು ಒಂದು ಸುತ್ತು ಹಾಕಿ, ಬಾಯಿ ಒರೆಸಿಕೊಳ್ಳುತ್ತ ಒಳಗೆ ಬಂದರು.

"ಊಟಾ ಮಾಡಿ ಬಂದ್ವಿರೀ" ಎಂದ ಬಾಹುಬಲಿ. "ಏನ್ ನಡೀತು, ಹೇಳಕ್ಕಾ."

ಅವರಿಗೆ ಪಾಠ ಆಗಲೇ ತಿಳಿದಿತ್ತು, ಎದುರಿಗೇ ಕುಳಿತು ಕೇಳಿದ್ದರು. ಆದರೂ ಆ ಮಾತುಕತೆ ಅವರಿಗೆ ಬೇಕಾಗಿತ್ತು. ಕೇಳಿದ್ದಕ್ಕೂ ಆಡಿದ್ದಕ್ಕೂ ಇರುವ ಅಂತರವನ್ನು ಅವರು ನನಗಿಂತ ಮೊದಲೇ ಕಂಡುಕೊಂಡಿದ್ದರು. ನಾನು ಅವತ್ತು ಅವರೆದುರು ಕೈ ಮುಗಿಯುವುದೊಂದು ಬಾಕಿ.

ಮುಂದೆ ತೊಂಬತ್ತರ ದಶಕದಲ್ಲಿ ಚಿಕ್ಕೋಡಿ ಕಡೆಯ ದೊಡ್ಡ ಹೈಸ್ಕೂಲಿನಲ್ಲಿ ಇದನ್ನೇ ಮಾಡಲು ಹೋಗಿ ಕೈ ಸುಟ್ಟುಕೊಂಡೆ. ವರ್ಗದಲ್ಲಿ ಕಿಕ್ಕಿರಿದ ಮಕ್ಕಳು. ಬಾಯಿ ಇದ್ದವರೇ ಮಾತಾಡಿದರು, ಇಲ್ಲದವರು ಅವರ ಬೆನ್ನ ಹಿಂದೆ ಅಡಗಿದರು. ತಪಾಸಣೆಗೆ ಬಂದವರು ಶಿಸ್ತಿಲ್ಲ ಎಂದು ಬರೆದು ಹೋದರು. ಆಮೇಲೆ ಮಕ್ಕಳನ್ನು ಇಬ್ಬಿಬ್ಬರನ್ನಾಗಿ ಕೂರಿಸಿದೆ, ತಪ್ಪು ಉತ್ತರ ಹೇಳಿದವರನ್ನೇ ಮೊದಲು ಮಾತಾಡಿಸಿದೆ. ಸ್ವಲ್ಪ ನಡೆಯಿತು, ಸ್ವಲ್ಪ ನಡೆಯಲಿಲ್ಲ. ಹೊಸಬರು ಇದನ್ನು ಮಂತ್ರವೆಂದು ತಿಳಿಯಬಾರದೆಂದು ಹೇಳಿದೆ. ಪ್ರತಿ ವರ್ಗಕ್ಕೂ ಅದರದೇ ದಾರಿ ಹುಡುಕಬೇಕು.

ಈಗ ಕಾಗವಾಡದ ಮಾತು ಮುಗಿಸುತ್ತೇನೆ. ಪರೀಕ್ಷೆಯ ಕೇಂದ್ರ ಅಥಣಿಯಲ್ಲಿತ್ತು. ಗಣಿತ ಪರೀಕ್ಷೆಯ ಹಿಂದಿನ ದಿನ ಮಲ್ಲವ್ವ ಹಾಲ್ ಟಿಕೆಟ್ ಹಿಡಿದು ನನ್ನ ಮುಂದೆ ನಿಂತಳು.

"ಅಕ್ಕೋರ, ಅಲ್ಲಿ ಮಾತಾಡಾಕ ಬಿಡಂಗಿಲ್ಲಲ್ರಿ. ನಾ ಯಾರ ಮುಂದ ಹೇಳ್ಲಿ?"

ಮಾತಾಡುತ್ತ ಕಲಿತವಳನ್ನು ಮೂರು ತಾಸು ಬಾಯಿ ಮುಚ್ಚಿ ಕೂರಿಸುತ್ತಾರೆಂದು ನಾನು ಯೋಚಿಸಿಯೇ ಇರಲಿಲ್ಲ. ಅವಳ ಮಗಳ ಶಾಲೆ ಆ ಮೂರು ತಾಸಿನ ಮೇಲೆ ನಿಂತಿತ್ತು.

"ಮನಸಿನ್ಯಾಗ ಯಾರನ್ನರ ಎದುರಿಗೆ ಕುಂದ್ರಿಸ್ಕೊಂಡು ಹೇಳವಾ" ಎಂದೆ. ಹೇಳಿದೆನೇ ಹೊರತು ನನಗೇ ಧೈರ್ಯವಿರಲಿಲ್ಲ.

"ನನ್ನ ಕುಂದ್ರಿಸ್ಕೋ ಅಕ್ಕಾ" ಎಂದ ಪಕ್ಕದಲ್ಲಿದ್ದ ಬಾಹುಬಲಿ. "ನಾ ತಪ್ಪ ತಪ್ಪ ಹೇಳ್ತೇನಿ, ನೀ ತಿದ್ದಿ ಬರಿ."

ಪರೀಕ್ಷೆ ಮುಗಿಯಿತು, ಬೇಸಿಗೆ ಕಳೆಯಿತು. ಫಲಿತಾಂಶ ಬಂದ ದಿನ ನಾನು ಬೆಳಗಿನಿಂದ ಬಾಗಿಲಲ್ಲೇ ಇದ್ದೆ. ಬಾಹುಬಲಿ ಪಾಸಾದ ಸುದ್ದಿ ಅವನ ಕೂಗಿನಿಂದಲೇ ಊರಿಗೆಲ್ಲ ತಿಳಿಯಿತು. ಮಲ್ಲವ್ವ ಬಂದದ್ದು ಮಧ್ಯಾಹ್ನದ ಬಸ್ಸಿಗೆ. ಜೊತೆಗೆ ಮಗಳು, ಹಿಂದೆ ಕಂಬಳಿ ಹೊದ್ದ ಅಣ್ಣ. ಮೂವರೂ ಅಂಗಳದಲ್ಲಿ ನಿಂತರು. ಅಣ್ಣ ಮೊದಲ ಸಲ ನನ್ನ ಮುಖ ನೋಡಿ, "ಇನ್ನ ಅಡಗಿಗೆ ಬ್ಯಾರೆ ಯಾರನ್ನರ ಹುಡುಕಬೇಕಾತ್ರಿ ಅಕ್ಕೋರ" ಎಂದು ನಕ್ಕ. ನಾನು ಮಲ್ಲವ್ವನನ್ನು ಅಪ್ಪಿಕೊಂಡೆ. ಮಗು ನಮ್ಮಿಬ್ಬರನ್ನೂ ಮೇಲೆ ಮುಖ ಮಾಡಿ ನೋಡುತ್ತಿತ್ತು.

ಚಹಾ ಕುಡಿಯುವಾಗ ಕೇಳಿದೆ. "ಪರೀಕ್ಷಾದಾಗ ಯಾರನ್ನ ಕುಂದ್ರಿಸ್ಕೊಂಡಿದ್ದಿ? ಬಾಹುಬಲೀನ?"

ಮಲ್ಲವ್ವ ನಾಚಿದಳು. "ಮೊದಲ ಅಂವನ್ನ ಕುಂದ್ರಿಸ್ಕೊಂಡಿದ್ನಿರಿ. ಅಂವ ನಗಸಾಕತ್ತ, ಎಬ್ಬಿಸಿ ಕಳಿಸಿದ್ನಿ. ಆಮ್ಯಾಲ ನಿಮ್ಮನ್ನ ಕುಂದ್ರಿಸ್ಕೊಂಡ್ನಿ. ಮೂರ ತಾಸೂ ಎದುರಿಗೇ ಕುಂತಿದ್ರಿ ಅಕ್ಕೋರ. ಒಂದ ಸಲಾನೂ ನಡುವ ಬಾಯಿ ಹಾಕ್ಲಿಲ್ಲ."